ಗರುಡ ಆರ್ ಮತ್ತು ಗುಡಿ ಮುಂದಿನ ಹಂಪ್

“ಸ್ಟಿಕ್ಕರ್ ಕಣೇ, ಬರೀ ಸ್ಟಿಕ್ಕರ್! ಹಳೇ ಗರುಡ ಕಾರಿಗೇ ಹಿಂದೆ ರೆಕ್ಕೆ ಅಂಟ್ಸಿ, ಕೆಂಪು ಗೆರೆ ಎಳ್ದು, ‘ಗರುಡ ಆರ್’ ಅಂತ ಹೆಸರಿಟ್ಟಿದ್ದಾರೆ ಅಷ್ಟೇ” ಎಂದ ಅಮರ್.

ಸಿಂಚನಳಿಗೆ ಮೈಯೆಲ್ಲ ಉರಿದುಹೋಯಿತು. “ಯಾರೋ ನಿಂಗೆ ಹೇಳಿದ್ದು? ಇಂಜಿನ್ನೇ ಬೇರೆ! ಏಳೇ ಸೆಕೆಂಡಲ್ಲಿ ನೂರು ಸ್ಪೀಡ್!”

“ಯೂಟ್ಯೂಬಲ್ಲಿ ಎಲ್ರೂ ಬೈತಿದ್ದಾರೆ. ಸೌಂಡೇ ಇಲ್ವಂತೆ.”

“ಬೈಯೋರಲ್ಲಿ ಒಬ್ರಾದ್ರೂ ಓಡ್ಸಿದ್ದಾರಾ? ನಾಳೆ ನಮ್ ಚಿಕ್ಕಪ್ಪ ತರ್ತಾರೆ, ಕಣ್ಣಾರೆ ನೋಡು. ಅದು ಹೋಗ್ದೇ ಇರೋ ರೋಡೇ ಇಲ್ಲ!”

“ಹೌದಾ? ಮುತ್ಯಾಲಮ್ಮನ ಗುಡಿ ಮುಂದಿನ ಹಂಪ್ ದಾಟುತ್ತಾ?”

“ಕಣ್ಮುಚ್ಕೊಂಡು ದಾಟುತ್ತೆ!”

“ಬೆಟ್! ದಾಟಿದ್ರೆ ನನ್ ರಿಮೋಟ್ ಕಾರ್ ನಿಂಗೆ. ದಾಟ್ಲಿಲ್ಲ ಅಂದ್ರೆ ನಿನ್ ಬುಕ್ ನಂಗೆ.”

“ಬೆಟ್!” ಎಂದುಬಿಟ್ಟಳು ಸಿಂಚನ.

ಆ ಬುಕ್ ಅಂದರೆ ಸಾಮಾನ್ಯದ್ದಲ್ಲ. ನೀಲಿ ರಟ್ಟಿನ ನೋಟ್‌ಬುಕ್ಕು. ಎರಡು ವರ್ಷದಿಂದ ಪೇಪರಿನಲ್ಲಿ ಬಂದ ಕಾರುಗಳನ್ನೆಲ್ಲ ಕತ್ತರಿಸಿ ಅಂಟಿಸಿ, ಕೆಳಗೆ ಅಳತೆ ಬರೆದಿದ್ದಳು. ಐದನೇ ಕ್ಲಾಸಿನಲ್ಲಿ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಹಂಪೂ ಅಷ್ಟೇ, ಸಾಮಾನ್ಯದ್ದಲ್ಲ! ದಾಬಸ್‌ಪೇಟೆಗೆ ಹೋಗುವ ಲಾರಿಗಳು ಊರೊಳಗೇ ಭರ್ರನೆ ನುಗ್ಗುತ್ತಿದ್ದವು. ಹೋದ ವರ್ಷ ಒಂದು ಭಾನುವಾರ ಊರಿನ ಹುಡುಗರೇ ಸೇರಿ ಕಾಂಕ್ರೀಟ್ ಸುರಿದು ಹಂಪ್ ಮಾಡಿದರು. “ಇನ್ನೂ ಎತ್ತರ ಮಾಡಿ ಅಣ್ಣಾ!” ಎಂದು ಬುಟ್ಟಿಯಲ್ಲಿ ಜಲ್ಲಿ ತಂದು ಸುರಿದವರಲ್ಲಿ ಸಿಂಚನಳೂ ಒಬ್ಬಳು.

ಮಾರನೆಯ ದಿನ ಬೆಳಗ್ಗೆ ಎದ್ದವಳೇ ಬುಕ್ ತೆರೆದಳು. ಗರುಡ ಆರ್ ಪುಟದಲ್ಲಿ ಅವಳದೇ ಅಕ್ಷರ: ‘ನೆಲದಿಂದ ಕಾರಿನ ತಳಕ್ಕೆ ಎತ್ತರ 14 ಸೆಂ.ಮೀ. ರೋಡ್ ಗಟ್ಟಿಯಾಗಿ ಹಿಡಿಯಲು ಹಳೆಯದಕ್ಕಿಂತ ತಗ್ಗಿಸಿದ್ದಾರೆ.’

ಹಂಪ್ ಎಷ್ಟೆತ್ತರ ಇದೆಯೋ! ಸ್ಕೇಲ್ ಹಿಡಿದು ಗುಡಿಯ ಹತ್ತಿರ ಓಡಿದಳು. ಚರಂಡಿ ಪಕ್ಕದಲ್ಲಿ ಹಂಪಿಗೆ ಸ್ಕೇಲ್ ನಿಲ್ಲಿಸಿದಳು. ಹದಿನಾರು. ಇನ್ನೊಂದು ಸಲ ಅಳೆದಳು. ಆಗಲೂ ಹದಿನಾರೇ. ಬುಕ್ಕಿನಲ್ಲಿ ಬರೆದುಕೊಂಡಳೇ ಹೊರತು ಯಾರಿಗೂ ಹೇಳಲಿಲ್ಲ. ಹೇಗೋ ದಾಟಿಬಿಟ್ಟರೆ ಸಾಕಪ್ಪಾ ಎಂದುಕೊಂಡಳು.

ಹತ್ತು ಗಂಟೆಗೆ ಕಾರು ಬಂತು. ಕೆಂಪಗೆ ಮಿರಮಿರ ಮಿಂಚುತ್ತಿತ್ತು. ಮಕ್ಕಳೆಲ್ಲ ಹೋ ಎಂದು ಹಿಂದೆ ಓಡಿದರು. ಸೌಂಡ್ ಕೇಳಿ ಅಮರ್ ಬಾಯಿಂದಲೇ “ಗುರೂ!” ಎಂದು ಬಂದುಬಿಟ್ಟಿತು. ಆಮೇಲೆ ಯಾರಾದರೂ ಕೇಳಿಸಿಕೊಂಡರಾ ಎಂದು ಸುತ್ತ ನೋಡಿದ.

ಚಿಕ್ಕಪ್ಪ ಶ್ರೀಧರ್ ಹಂಪಿನ ಮುಂದೆ ಕಾರು ನಿಲ್ಲಿಸಿದ. ಅಜ್ಜಿ ವರಲಕ್ಷ್ಮಮ್ಮ ಆ ಕಡೆ ಗುಡಿ ಬಾಗಿಲಲ್ಲಿ ಹೂವಿನ ಹಾರ, ನಿಂಬೆಹಣ್ಣು ಹಿಡಿದು ನಿಂತಿದ್ದರು.

“ಯಾಕೋ ಶ್ರೀಧರ, ಅಲ್ಲೇ ನಿಂತೆ? ಅಮ್ಮನ ಎದುರಿಗೆ ನಿಂಬೆಹಣ್ಣಿನ ಮೇಲೆ ಹತ್ತಿಸಿದ್ಮೇಲೇ ಮಿಕ್ಕಿದ್ದು!”

“ಹತ್ಸಿ ಅಣ್ಣಾ, ಹತ್ಸಿ!” ಎಂದು ಮಕ್ಕಳು ಕುಣಿದರು.

“ದಿನಾ ಬೈಕಲ್ಲಿ ಹಾರಿಸ್ತೀನಿ, ಇದೇನ್ ಮಹಾ” ಎಂದು ಚಿಕ್ಕಪ್ಪ ಆಕ್ಸಿಲರೇಟರ್ ಒತ್ತಿದ. ಗುರ್ರ್...

ಸಿಂಚನಳ ಕೈ ಬುಕ್ಕನ್ನು ಗಟ್ಟಿಯಾಗಿ ಹಿಡಿಯಿತು. ಸುಮ್ಮನಿದ್ದುಬಿಡಲೇ? ಆದರೆ ಹೊಚ್ಚಹೊಸ ಕಾರು! ಒಂದೇ ನೆಗೆತಕ್ಕೆ ಹಂಪಿನ ಮೇಲೆ ಹತ್ತಿ, ಎರಡು ಕೈ ಅಡ್ಡ ಚಾಚಿ ನಿಂತಳು.

“ಚಿಕ್ಕಪ್ಪಾ, ಬೇಡ! ಕೆಳಗೆ ತಗುಲುತ್ತೆ! ಕಾರ್ ಹದಿನಾಲ್ಕು, ಹಂಪ್ ಹದಿನಾರು!”

ಚಿಕ್ಕಪ್ಪ ಇಳಿದು, ನೆಲಕ್ಕೆ ಬಗ್ಗಿ ನೋಡಿದ. ಹಣೆ ಒರೆಸಿಕೊಂಡ. “ಅಬ್ಬಬ್ಬಾ! ಸೈಲೆನ್ಸರ್ ಕಿತ್ಕೊಂಡು ಬರ್ತಿತ್ತಲ್ಲೇ ಪುಟ್ಟಾ!”

“ಹಂಗಾದ್ರೆ ಪೂಜೆ?” ಎಂದರು ಅಜ್ಜಿ ಮುಖ ಚಿಕ್ಕದು ಮಾಡಿಕೊಂಡು.

“ಮಂಗಳಾರತಿ ತಟ್ಟೆ ಹಂಪ್ ದಾಟುತ್ತಲ್ಲಾ ಅಜ್ಜೀ!” ಎಂದಳು ಸಿಂಚನ.

ಪೂಜಾರಿ ಲಕ್ಷ್ಮಯ್ಯ ನಕ್ಕುಬಿಟ್ಟರು. ತಟ್ಟೆ ಹಿಡಿದು ಈಚೆಗೇ ಬಂದರು. “ಇಲ್ಲಿಂದ್ಲೂ ಅಮ್ಮ ಕಾಣ್ತಾಳೆ ಬಿಡು” ಎಂದು ಅಜ್ಜಿಯೂ ಹಿಂದೆಯೇ ಬಂದರು. ಏಳು ಸೆಕೆಂಡಿಗೆ ನೂರು ಮುಟ್ಟುವ ಕಾರು ಮೆಲ್ಲಗೆ ಹಿಂದಕ್ಕೆ ಸರಿದು ಚಕ್ರದಡಿ ಇಟ್ಟ ನಾಲ್ಕು ನಿಂಬೆಹಣ್ಣು ಹಿಂಡಿತು.

ಸಿಂಚನ ತಾನೇ ಹೋಗಿ ಅಮರ್ ಕೈಗೆ ಬುಕ್ ಕೊಟ್ಟಳು. ಕಣ್ಣಲ್ಲಿ ನೀರು ಬಂತು, ಆದರೂ ಕೊಟ್ಟಳು. ಅವನು ಕೊನೆಯ ಪುಟ ತೆರೆದ. ಬೆಳಗ್ಗೆ ಅಳೆದ ಹಂಪಿನ ಲೆಕ್ಕ ಅಲ್ಲೇ ಇತ್ತು.

“ಲೇ, ನಿಂಗೆ ಬೆಳಗ್ಗೇನೇ ಗೊತ್ತಿತ್ತಾ?”

“ಹ್ಞೂಂ.”

“ಬೆಟ್ ಸೋಲ್ತೀನಿ ಅಂತ ಗೊತ್ತಿದ್ರೂ...” ಎಂದ ಅಮರ್. ಸ್ಟಿಕ್ಕರ್ ವಿಷಯ ಎತ್ತಲಿಲ್ಲ. ಬುಕ್ ಎತ್ತಿಕೊಂಡು ಮನೆಗೆ ಓಡಿದ.

ಸಂಜೆ ಸಿಂಚನ ಹೊಸ ನೋಟ್‌ಬುಕ್ ತೆಗೆದಳು. ಮೊದಲ ಪುಟದಲ್ಲಿ ಕಾರು ಅಂಟಿಸಲಿಲ್ಲ. ‘ನಮ್ಮೂರ ಹಂಪ್: 16 ಸೆಂ.ಮೀ.’ ಎಂದು ದಪ್ಪಕ್ಷರದಲ್ಲಿ ಬರೆದಳು. ಗರುಡ ಆರ್ ಎರಡನೆಯ ಪುಟಕ್ಕೆ ಹೋಯಿತು.

ಹೊರಗೆ ಅಮರ್ ಕೂಗಿದ. “ಸಿಂಚನಾ! ಸ್ಕೂಲ್ ಹತ್ರ ಇನ್ನೊಂದ್ ಹಂಪ್ ಇದೆ ಕಣೇ! ಸ್ಕೇಲ್ ತಗೊಂಡ್ ಬಾ!”

“ಬಂದೆ, ಇರೋ!” ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು.