ಅರವತ್ತೇಳನೇ ಬಾಗಿಲು

"ಕೈ ತೆಗೀರಿ ನಮ್ಮ ಬಾಗಿಲಿಂದ!"

ದೇವರಾಜು ತಿರುಗಿ ನೋಡುವಷ್ಟರಲ್ಲಿ ತಡವಾಗಿತ್ತು. ಒಂದು ಬಿಂದಿಗೆ ಸಗಣಿ ನೀರು ಪೇಟದಿಂದ ಇಳಿದು, ಕರಿಕೋಟಿನ ಮೇಲೆ ಹರಿದು, ಕೈಯಲ್ಲಿದ್ದ ಕೆಮ್ಮಣ್ಣಿನ ಕುಡಿಕೆಗೂ ತುಂಬಿಕೊಂಡಿತು.

ತಿರುಮಕೂಡಲು ನರಸೀಪುರದ ಆ ಬೀದಿಯಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತನೊಬ್ಬನಿಗೆ ಇಂಥ ಅಭಿಷೇಕ ಆಗಿದ್ದು ಅದೇ ಮೊದಲು!

ಎದುರಿಗೆ ಪುಟ್ಟಲಕ್ಷ್ಮಿ ನಿಂತಿದ್ದಳು. ವಯಸ್ಸು ಇಪ್ಪತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈಯಲ್ಲಿ ಖಾಲಿ ಬಿಂದಿಗೆ ಇತ್ತು. ಕಣ್ಣಲ್ಲಿ ಮಾತ್ರ... ಕೋಪವೋ, ಭಯವೋ?

ಭಯವೇ. ದೇವರಾಜುವಿಗೆ ಅದು ತಿಳಿಯಿತು, ಅದಕ್ಕೇ ಅವನು ಬೈಯಲಿಲ್ಲ.

"ಅಮ್ಮಣ್ಣಿ, ಇದು ಖಾನೆಷುಮಾರಿ ನಂಬರು. ರಾಜ್ಯದಲ್ಲಿ ಜನ ಎಷ್ಟಿದ್ದಾರೆ ಅಂತ ಎಣಿಸ್ತಾರೆ. ಅದಕ್ಕೆ ಮನೆಮನೆಗೂ ಒಂದು ಅಂಕಿ. ನಿಮ್ಮದು ಅರವತ್ತೇಳು, ಅಷ್ಟೇ."

"ಓದ ಸಲಾನೂ ಅಷ್ಟೇ ಅಂದ್ರು!" ಅವಳ ದನಿ ಒಡೆಯಿತು. "ಪ್ಲೇಗು ಮನೆ ಅಂತ ಇದೇ ಬಾಗಿಲ ಮೇಲೆ ಕೆಂಪುಗೀಟು ಎಳುದ್ರು. ಹೆಂಚು ಕಿತ್ತಾಕುದ್ರು. ನಮ್ಮನ್ನ ಊರಾಚೆ ಗುಡಿಸ್ಲಿಗೆ ತಳ್ಳುದ್ರು. ಅಲ್ಲಿಗೋದ ನಮ್ಮಪ್ಪ ಬರ್ನೇ ಇಲ್ಲ ಸಾ!"

ದೇವರಾಜು ಒದ್ದೆ ಪೇಟ ಬಿಚ್ಚಿ ಕಂಕುಳಲ್ಲಿಟ್ಟುಕೊಂಡ. ಜಗುಲಿಯ ಅಂಚಿನಲ್ಲಿ ಕೂತ.

"ನನ್ನ ತಮ್ಮನೂ ಬರಲಿಲ್ಲ," ಎಂದ ಮೆಲ್ಲಗೆ. "ನಂಜನಗೂಡಿನಲ್ಲಿ, ಅದೇ ವರ್ಷ."

ಪುಟ್ಟಲಕ್ಷ್ಮಿ ಬಿಂದಿಗೆ ಕೆಳಗಿಟ್ಟಳು. ಒಳಗೆ ಹೋಗಿ ಒಂದು ಚೊಂಬು ಒಳ್ಳೇ ನೀರು ತಂದುಕೊಟ್ಟಳು.

'ಅಯ್ಯೋ, ಎಂಥ ಕೆಲ್ಸ ಮಾಡ್ಬುಟ್ಟೆ...' ಅವಳ ಮನಸ್ಸು ಚುರುಕ್ ಎಂದಿತು.

ಮುಖ ತೊಳೆದುಕೊಂಡ ಮೇಲೆ ದೇವರಾಜು ಕುಂಚ ಎತ್ತಿಕೊಂಡು ಕೇಳಿದ. "ಬರೀಲಾ?"

"ಬರೀರಿ. ಸುಳ್ಳಾದ್ರೆ ಮಾತ್ರ ಬಿಂದಿಗೆ ಇನ್ನೂ ಇಲ್ಲೇ ಅದೆ!"

* * *

ಆ ದಿನ ಪುಟ್ಟಲಕ್ಷ್ಮಿ ಅಂಕಿ ಬರೆಸಿಕೊಂಡು ಸುಮ್ಮನಾಗಲಿಲ್ಲ. ಎದುರುಮನೆಯ ರಾಚಮ್ಮ ಬಾಗಿಲು ಹಾಕಿಕೊಂಡಿದ್ದಳು. ಬೀದಿಯ ಹಿರಿಯ ಬೆಟ್ಟಯ್ಯ ದೊಣ್ಣೆ ಹಿಡಿದು ಕೂತಿದ್ದ. ಅವಳೇ ಮನೆಮನೆಗೂ ಹೋದಳು.

"ಪ್ಲೇಗಿನ ಗುರ್ತಲ್ಲ ಕಣಣ್ಣಾ, ಎಣಿಸಾಕೆ ಆಕೋ ಅಂಕಿ. ಇದಕ್ಕೆ ನಾನು ಹೊಣೆ."

ಅವಳು ಹೊಣೆ ಎಂದರೆ ಆ ಬೀದಿಯಲ್ಲಿ ಅದಕ್ಕೆ ಬೆಲೆ ಇತ್ತು. ಅಪ್ಪ ಹೋದ ಮೇಲೆ ಅವನ ಆಲೆಮನೆಯನ್ನು ನಡೆಸುತ್ತಿದ್ದವಳು ಅವಳೇ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, "ಇಳಿಸ್ರಿ" ಎಂದರೆ ಗಂಡಾಳುಗಳು ಎದುರಾಡದೆ ಇಳಿಸುತ್ತಿದ್ದರು.

ಅಮಲ್ದಾರರು ದೇವರಾಜುವಿಗೆ ಇನ್ನೊಂದು ಕೆಲಸ ಹಚ್ಚಿದ್ದರು. ತಾಲ್ಲೂಕಿನ ಮುಖ್ಯ ಊರಾದ ನರಸೀಪುರದ ಪೂರ್ತಿ ವಿವರವನ್ನು ಒಪ್ಪವಾಗಿ ಬರೆದುಕೊಡಬೇಕಿತ್ತು. ಒಂದು ಬೆಳಿಗ್ಗೆ ಅವನು ಆಲೆಮನೆಯ ನೆರಳಲ್ಲಿ ನಿಂತು ಓದಿದ.

"ಕಾವೇರಿ, ಕಪಿಲೆ ಕೂಡುವ ಸ್ಥಳ. ತಾಲ್ಲೂಕು ಕಚೇರಿ ಒಂದು, ಠಾಣೆ ಒಂದು, ಅಂಚೆಮನೆ ಒಂದು..."

ಪುಟ್ಟಲಕ್ಷ್ಮಿ ಕಿಸಕ್ಕನೆ ನಕ್ಕಳು. "ಇದು ಕಚೇರಿ ವಿವರ ಆಯ್ತು. ಊರೆಲ್ಲೈತೆ ಸಾ ಇದ್ರಲ್ಲಿ?"

"ಹಾಗಾದರೆ ನೀನೇ ಹೇಳು."

"ಸೀನೀರಿನ ಬಾವಿ ಯಾವ್ದು, ಸವುಳು ಯಾವ್ದು ಬರುದ್ರಾ? ಒಳೆ ತುಂಬುದ್ರೆ ಯಾವ ಬೀದಿಗೆ ಮೊದ್ಲು ನೀರು ನುಗ್ತದೆ, ಅದು? ಬನ್ನೂರು ಕಬ್ಬಿಗೂ ನಮ್ಮ ಕಬ್ಬಿಗೂ ಎಷ್ಟು ವ್ಯತ್ಯಾಸ, ಅದು?"

ಅಂದಿನಿಂದ ಅವನು ದಿನವೂ ಬಂದ. ಅವಳು ಹೇಳಿದಳು, ಅವನು ಬರೆದ. ಸೀನೀರಿನ ಬಾವಿ ನಾಲ್ಕು. ಬಳೆಗಾರರ ಮನೆ ಎರಡು. ಬೆಲ್ಲದ ಅಚ್ಚು ಮಾಡುವ ಬಡಗಿ ಒಬ್ಬ, ಅವನಿಗೆ ಒಂದು ಕಿವಿ ಕೇಳಿಸದು.

"ಅದನ್ನೂ ಬರೀಬೇಕಾ?"

"ಬರೀದಿದ್ರೆ ಅಮಲ್ದಾರ್ರು ಆ ಕಿವೀಗೇ ಮಾತಾಡ್ತಾರೆ!"

ಹೀಗೆ ನಗುತ್ತಲೇ ಒಮ್ಮೆ ಅವಳು ಕೇಳಿದಳು. "ನಂಜನಗೂಡಿನೋರ್ನ ಇಲ್ಲಿಗ್ಯಾಕೆ ಆಕುದ್ರು? ಇಲ್ಲಿ ಬರೆಯೋರು ಸಿಗ್ನಿಲ್ವಾ?"

"ನೆಂಟರ ಮನೆಯನ್ನ ನಾವೇ ಎಣಿಸೋ ಹಾಗಿಲ್ಲ. ಮುಲಾಜಿಗೆ ತಪ್ಪು ಬರೀತೀವಿ ಅಂತ ಅಮಲ್ದಾರರ ಅಪ್ಪಣೆ. ಈ ಊರಲ್ಲಿ ನನಗೆ ಒಬ್ಬ ನೆಂಟನೂ ಇಲ್ಲ."

"ಪಾಪ!" ಎಂದಳು. ಬಿಸಿ ಬೆಲ್ಲದ ಒಂದು ತುಣುಕನ್ನು ಕಬ್ಬಿನ ಸಿಪ್ಪೆಯ ಮೇಲಿಟ್ಟು ಅವನ ಕೈಗೆ ಕೊಟ್ಟಳು. ಬೆರಳಿಗೆ ಬೆರಳು ತಾಗಿತು. ಸುಟ್ಟಿದ್ದು ಬೆಲ್ಲವೋ ಬೆರಳೋ ಇಬ್ಬರಿಗೂ ತಿಳಿಯಲಿಲ್ಲ...

ಅವಳ ತಾಯಿ ಚಾಮುಂಡಮ್ಮ ಇದನ್ನೆಲ್ಲ ನೋಡಿಯೂ ನೋಡದ ಹಾಗೆ ಒಲೆಗೆ ಸಿಪ್ಪೆ ತಳ್ಳುತ್ತಿದ್ದಳು. ಹುಡುಗ ನಂಜನಗೂಡಿನ ಕಡೆಯ ಒಕ್ಕಲಿಗರವನು ಎಂಬುದನ್ನು ಆಕೆ ಮೊದಲ ವಾರವೇ ವಿಚಾರಿಸಿಕೊಂಡಿದ್ದಳು!

* * *

ಸಂಕ್ರಾಂತಿ ಕಳೆದ ನಾಲ್ಕನೇ ದಿನ. ಪುಟ್ಟಲಕ್ಷ್ಮಿ ಇನ್ನೂ ಕತ್ತಲಿರುವಾಗಲೇ ಆಲೆಮನೆಗೆ ಹೋಗಿದ್ದಳು. ಗಾಣದ ಪಕ್ಕ ಕಡಿದ ಕಬ್ಬು ರಾಶಿ ಬಿದ್ದಿತ್ತು, ಅಂದೇ ಅರೆಯಬೇಕಿತ್ತು. ಹೊತ್ತು ಮೇಲೇರಿದರೂ ಒಬ್ಬ ಆಳೂ ಬರಲಿಲ್ಲ.

ಬಂದವಳು ರಾಚಮ್ಮ. ದೂರದಲ್ಲೇ ನಿಂತಳು.

"ನಿನ್ ಬಾಗ್ಲು ನೋಡೋಗು ಪುಟ್ಟಲಕ್ಷ್ಮೀ..."

ಅವಳು ಓಡಿದಳು.

ಅರವತ್ತೇಳರ ಮೇಲೆ ಅಡ್ಡಗೀಟು! ಅಪ್ಪನನ್ನು ಕರೆದೊಯ್ದ ದಿನ ಎಳೆದಿದ್ದಂಥದೇ ಕೆಂಪು ಗೀಟು!

ಇಡೀ ಬೀದಿಯಲ್ಲಿ ಆ ಒಂದು ಬಾಗಿಲಿಗೆ ಮಾತ್ರ ಅದು ಬಿದ್ದಿತ್ತು. ಬೆಟ್ಟಯ್ಯ ತನ್ನ ಜಗುಲಿಯಿಂದಲೇ ಕೂಗಿದ.

"ಹೊಣೆ ಅಂದಲ್ಲವ್ವಾ? ಆ ಗುಮಾಸ್ತನೇ ಹೊತ್ತು ಮೂಡಾಕೆ ಮುಂಚೆ ಬಂದು ಗೀಟಾಕಿ, ಗಾಡಿ ಅತ್ತಿ ಓದ. ನಮ್ಮನೆ ಐಕಳ ಗತಿ ಏನವ್ವಾ?"

ಪುಟ್ಟಲಕ್ಷ್ಮಿ ಗೀಟಿನ ಮೇಲೆ ಬೆರಳಿಟ್ಟು ನೋಡಿದಳು. 'ಅವರೇನಾ? ನನ್ನ ಜಗುಲಿ ಮೇಲೆ ಕೂತು ತಮ್ಮನ ಸುದ್ದಿ ಏಳಿದೋರಾ? ಒಂದು ಮಾತೂ ಏಳ್ದೆ...'

"ಒರೆಸ್ಬುಡು ಮಗಾ," ಚಾಮುಂಡಮ್ಮ ಅಳುತ್ತಾ ಸಗಣಿ ನೀರು ತಂದಳು.

ಪುಟ್ಟಲಕ್ಷ್ಮಿ ಬಿಂದಿಗೆಗೆ ಕೈ ಹಾಕಿದವಳು ಹಾಗೇ ನಿಂತಳು. ಒರೆಸಿದರೆ ತಾನೂ ಹೆದರಿದಂತೆ. ತನ್ನ ಮಾತೂ ಸುಳ್ಳಾದಂತೆ.

"ಇಲ್ಲ ಕಣವ್ವಾ. ನಮ್ಮನೇಲಿ ಯಾರ್ಗೂ ಜ್ವರ ಇಲ್ಲ, ಕಂಕ್ಳಲ್ಲಿ ಗೆಡ್ಡೆ ಇಲ್ಲ. ಗೀಟು ಎಳ್ದೋರೇ ಬಂದು ಬೀದಿಯೋರ ಮುಂದೆ ಉತ್ತರ ಏಳ್ಲಿ. ಅಲ್ಲೀಗಂಟ ಇರ್ಲಿ ಅದು!"

ಮೂರು ದಿನ ತಾಯಿ ಮಗಳೇ ಗಾಣಕ್ಕೆ ಎತ್ತು ಹೂಡಿದರು. ಅರ್ಧ ಕಬ್ಬು ಒಣಗಿಹೋಯಿತು. ಬಾವಿಯ ಬಳಿ ಹೆಂಗಸರು ಅವಳನ್ನು ಕಂಡು ಹಿಂದೆ ಸರಿದರು. ಪುಟ್ಟಲಕ್ಷ್ಮಿ ತಲೆ ತಗ್ಗಿಸಲಿಲ್ಲ. ಕೊಪ್ಪರಿಗೆಯ ಹೊಗೆಗೆ ಮುಖ ಒಡ್ಡಿ ಕೂತಾಗ ಮಾತ್ರ ಕಣ್ಣು ಸುರಿಯುತ್ತಿತ್ತು. ಹೊಗೆಗೆ ಅಂತ ತಾಯಿಗೆ ಹೇಳುತ್ತಿದ್ದಳು.

'ಬರ್ತಾರೆ. ಬರ್ದೆ ಇದ್ರೆ ನಾನೇ ನಂಜನಗೂಡಿಗೆ ಓಗಿ ಕೇಳ್ತೀನಿ!'

* * *

ನಾಲ್ಕನೆಯ ದಿನ ಮಧ್ಯಾಹ್ನ ಕಮಾನು ಗಾಡಿಯೊಂದು ಬೀದಿಗೆ ತಿರುಗಿತು. ಪುಟ್ಟಲಕ್ಷ್ಮಿ ಬಾಗಿಲ ಮುಂದಿನ ನೆಲ ಸಾರಿಸುತ್ತಿದ್ದಳು. ಗಾಡಿಯಿಂದ ಇಳಿದವನನ್ನು ಕಂಡದ್ದೇ ತಡ, ಬಿಂದಿಗೆ ಎತ್ತಿ ಹಿಡಿದಳು.

"ಹಾಕು," ಎಂದ ದೇವರಾಜು ನಗುತ್ತಾ. "ನನಗೆ ಅಭ್ಯಾಸವಾಗಿದೆ."

"ನಗ್ತೀರಾ? ಮೊದ್ಲು ಈ ಬಾಗ್ಲು ನೋಡ್ರಿ! ಮೂರು ದಿನದಿಂದ ಈ ಬೀದೀಲಿ ನಮ್ಮನ್ನ ಯಾರೂ ಮುಟ್ಟಿಲ್ಲ! ನಮ್ಮನೆಗೆ ಪ್ಲೇಗು ಅಂತ ಗೀಟು ಎಳ್ದು ಓದ್ರಲ್ಲಾ, ನಿಮಗೇನು ಅನ್ಯಾಯ ಮಾಡಿದ್ದೆ ನಾನು?"

ಅವನ ನಗು ಆರಿಹೋಯಿತು. ಬಾಗಿಲು ನೋಡಿದ. ಮುಚ್ಚಿದ ಎದುರುಮನೆ ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ದೇವರೇ... ಈ ಬಾಗಿಲ ಮೇಲೆ ಅಡ್ಡಗೀಟು ಅಂದರೆ ಏನು ಅಂತ ನೀನು ಮೊದಲ ದಿನವೇ ಹೇಳಿದ್ದೆ. ನಾನು ಮರೆತೆ. ತಪ್ಪು ನನ್ನದು, ಪೂರ್ತಿ ನನ್ನದು."

ಬೆಟ್ಟಯ್ಯ, ರಾಚಮ್ಮ, ಆಳುಗಳು ಒಬ್ಬೊಬ್ಬರಾಗಿ ಹೊರಗೆ ಬಂದಿದ್ದರು. ದೇವರಾಜು ಅವರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ.

"ಇದು ಪ್ಲೇಗಿನ ಗುರುತಲ್ಲ. ಈ ಮನೆಯನ್ನ ನಾನು ಎಣಿಸಬಾರದು, ಬೇರೆ ಗುಮಾಸ್ತರು ಬಂದು ಎಣಿಸಬೇಕು ಅಂತ ಗುರುತು."

"ಅದ್ಯಾಕಪ್ಪಾ ಈ ಮನೆ ಒಂದನ್ನೇ?" ಬೆಟ್ಟಯ್ಯ ಬಿಡಲಿಲ್ಲ.

ದೇವರಾಜುವಿನ ಕಿವಿ ಕೆಂಪಾಯಿತು.

"ಪಟ್ಟಿ ಒಪ್ಪಿಸುವಾಗ ಅಮಲ್ದಾರರು ಕೇಳಿದರು, ನಿನ್ನ ಪಾಲಿನ ಬೀದಿಯಲ್ಲಿ ನೆಂಟರ ಮನೆ ಏನಾದರೂ ಇದೆಯಾ ಅಂತ. ಇಲ್ಲ ಅನ್ನೋಕೆ... ಬಾಯಿ ಬರಲಿಲ್ಲ. ಅರವತ್ತೇಳು ಅಂದೆ."

ಪುಟ್ಟಲಕ್ಷ್ಮಿಯ ಕೈಯ ಬಿಂದಿಗೆ ಮೆಲ್ಲಗೆ ಕೆಳಗಿಳಿಯಿತು. 'ನೆಂಟರ ಮನೆ... ನಮ್ಮ ಮನೆಯಾ?'

ಅಷ್ಟರಲ್ಲಿ ಗಾಡಿಯೊಳಗಿನಿಂದ ಒಂದು ಗೊನೆ ರಸಬಾಳೆ ಹೊರಬಂತು. ಅದರ ಹಿಂದೆಯೇ ದೇವರಾಜುವಿನ ತಾಯಿ ದೇವೀರಮ್ಮ.

"ನನ್ನನ್ನ ಒಸಿ ಇಳಿಸ್ಕೊಳ್ರವ್ವಾ! ಮೂರು ದಿನದಿಂದ ಈ ಊರಿನ ಬಾವಿ, ಬೆಲ್ಲ, ಕಿವುಡ ಬಡಗಿ ಕತೆ ಕೇಳೀ ಕೇಳೀ ತಲೆ ಕೆಟ್ಟೋಯ್ತು. ಎಣ್ಣು ಕೇಳಾಕೆ ಬಂದಿವ್ನಿ. ಎಲ್ಲವ್ಳೆ ಆ ಬಿಂದಿಗೆ ಉಡ್ಗಿ?"

ರಾಚಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಬೆಟ್ಟಯ್ಯ ಆಳುಗಳ ಕಡೆ ತಿರುಗಿ ರೇಗಿದ. "ಏನ್ ನೋಡ್ತಾ ನಿಂತಿದ್ದೀರ್ಲಾ? ಕಬ್ಬು ಒಣಗ್ತಾ ಅದೆ, ಗಾಣದ ತಕ್ಕೆ ನಡೀರಿ!" ಆಮೇಲೆ ಅವನೇ ಪುಟ್ಟಲಕ್ಷ್ಮಿಯ ಮುಂದೆ ಬಂದು ದನಿ ತಗ್ಗಿಸಿದ. "ತಪ್ಪಾಯ್ತು ಕಣವ್ವಾ."

ಚಾಮುಂಡಮ್ಮ ಬೀಗಿತ್ತಿಯ ಕೈ ಹಿಡಿದು ಒಳಗೆ ಕರೆದೊಯ್ದಳು. ಜಗುಲಿಯ ಮೇಲೆ ಇಬ್ಬರೇ ಉಳಿದರು.

"ನನ್ನನ್ನ ಒಂದು ಮಾತು ಕೇಳ್ದೆ ನೆಂಟ್ರು ಅಂತ ಬರ್ಕೊಂಡ್ರಾ?"

"ಸರ್ಕಾರಕ್ಕೆ ಸುಳ್ಳು ಹೇಳೋಕಾಗಲಿಲ್ಲ ಲಕ್ಷ್ಮಿ. ನಿನ್ನ ಹತ್ತಿರ ನಿಜ ಹೇಳೋಕೆ ಧೈರ್ಯ ಇರಲಿಲ್ಲ. ಅದಕ್ಕೇ ಅವ್ವನನ್ನ ಕರೆತರೋಕೆ ಓಡಿದೆ." ಅವನು ಅವಳ ಕಣ್ಣನ್ನೇ ನೋಡಿದ. "ಈಗ ಕೇಳ್ತೀನಿ. ನಿನ್ನನ್ನ ಬಿಟ್ಟು ನನಗೆ ಬದುಕೋಕೆ ಇಷ್ಟವಿಲ್ಲ. ನನ್ನ ಕೈ ಹಿಡೀತೀಯಾ?"

ಅವಳ ಕಣ್ಣು ತುಂಬಿ ಬಂತು. ಈ ಸಲ ಹೊಗೆಯ ನೆಪ ಇರಲಿಲ್ಲ.

"ಆಲೆಮನೆ ಬುಟ್ಟು ನಾನು ಬರಾಕಿಲ್ಲ."

"ನಾನೇ ಈ ಊರಲ್ಲಿ ಇರ್ತೀನಿ. ಊರಿನ ವಿವರ ಇನ್ನೂ ಮುಗಿದಿಲ್ಲವಲ್ಲ?"

ಅವಳು ನಕ್ಕಳು. ಅವನು ಒದ್ದೆ ಬಟ್ಟೆ ಎತ್ತಿಕೊಂಡು ಬಾಗಿಲ ಕಡೆ ಹೆಜ್ಜೆ ಹಾಕಿದ.

"ಮೊದಲು ಈ ಹಾಳು ಗೀಟು ಒರೆಸಿಬಿಡ್ತೀನಿ."

ಪುಟ್ಟಲಕ್ಷ್ಮಿ ಥಟ್ಟನೆ ಅವನ ಕೈ ಹಿಡಿದಳು.

"ಬ್ಯಾಡ. ಒರೆಸಿದ್ರೆ ನಾಳೆ ನೀವೇ ನಮ್ಮನ್ನ ಎಣಿಸಾಕೆ ಬಂದ್ಬುಡ್ತೀರಾ."

"ಮತ್ತೆ?"

"ಮದ್ವೆಗೆ ಸುಣ್ಣ ಬಳಿಯೋಗಂಟ ಇರ್ಲಿ ಬುಡಿ," ಎಂದಳು, ಹಿಡಿದ ಕೈ ಬಿಡದೆ.