ತಪ್ಪು ಮೂಲೆಯಲ್ಲಿ ನಿಂತ ಗಣಿತದ ಮೇಷ್ಟ್ರು

ಶಾಲಾ ಮಕ್ಕಳ ಪ್ರವಾಸದಲ್ಲಿ ಮಂತೊವಾ ಮುಗಿಯಿತು, ಫೆರಾರಾ ಮುಗಿಯಿತು. ಬೊಲೋನ್ಯಾ ಕೂಡ ಸಂಜೆಯೊಳಗೆ ಮುಗಿದುಬಿಡುತ್ತದೆ. ಎತ್ತೊರೆ ಮಾತ್ರ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಇಲೇನಿಯಾಳಿಗೆ ತನ್ನ ಮನಸ್ಸಿನ ಬಗ್ಗೆ ಯಾವ ಅನುಮಾನವೂ ಇರಲಿಲ್ಲ. ಬ್ರೆಶಾದ ಶಾಲೆಯಲ್ಲಿ ಅವಳು ಕಲೆಯ ಇತಿಹಾಸ ಕಲಿಸುತ್ತಾಳೆ, ಅವನು ಗಣಿತ. ದಕ್ಷಿಣದಿಂದ ಬಂದ ಎಲ್ಲ ಟೀಚರುಗಳಂತೆ ಅವಳೂ ತವರೂರು ಲೆಚ್ಚೆಗೆ ವರ್ಗ ಕೇಳಿದ್ದಳು. ಬೇಡ ಎಂದು ಆ ಅರ್ಜಿ ಹಿಂದಕ್ಕೆ ಪಡೆಯಲು ನಾಳೆಯೇ ಕೊನೆಯ ದಿನ. ಎತ್ತೊರೆ ‘ಹೋಗಬೇಡ’ ಎಂದರೆ ಇರುವುದು, ಇಲ್ಲದಿದ್ದರೆ ಗಂಟುಮೂಟೆ ಕಟ್ಟುವುದು. ಅವನ ಕಣ್ಣು ಐದು ವರ್ಷದಿಂದ ಹೇಳುತ್ತಲೇ ಇತ್ತು. ಬಾಯಿಗೇ ಬರಗಾಲ.

ಮಧ್ಯಾಹ್ನ ಊಟ ಮುಗಿಸಿ ಅವನು ಕಪುಚಿನೋ ತರಿಸಿದ. ಊಟದ ಮೇಲೆ ಹಾಲಿನ ಕಾಫಿ ಕುಡಿಯುವವರು ಆ ದೇಶದಲ್ಲಿ ಎರಡೇ ಬಗೆ: ವಿದೇಶಿ ಪ್ರವಾಸಿಗರು, ಇಲ್ಲವೇ ತಲೆಯನ್ನು ಎಲ್ಲೋ ಬಿಟ್ಟು ಬಂದವರು.

“ಏನ್ರೀ ಮೇಷ್ಟ್ರೇ, ಜ್ವರಗಿರ ಬಂದಿದ್ಯಾ?”

ಅವನು ಕಪ್ಪು ನೋಡಿದ, ಅವಳನ್ನು ನೋಡಿದ. ಕಿವಿ ಕೆಂಪಾಯಿತು. “ಇಲ್ಲ, ಏನೋ ಯೋಚನೆ.”

“ಹೇಳೋ ಅಂಥದ್ದಾದ್ರೆ ಹೇಳಿ.”

“ಬಸ್ಸು ಆರಕ್ಕಾ, ಆರೂವರೆಗಾ ಅಂತ.”

ತಲೆಗೊಂದು ಮೊಟಕಬೇಕೆನಿಸಿತು ಅವಳಿಗೆ. ಮೀಸೆಗೆ ಅಂಟಿದ ನೊರೆ ಕಂಡು ಮುದ್ದೂ ಬಂತು.

ಊಟವಾದ ಮೇಲೆ ಮಕ್ಕಳನ್ನು ಚೌಕದ ಪಕ್ಕದ ಹಳೆಯ ಅರಮನೆಯ ಕಮಾನಿನಡಿಗೆ ಕರೆತಂದರು. ಅಲ್ಲಿನ ನಾಲ್ಕು ಮೂಲೆಗಳಲ್ಲಿ ಒಂದರಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ, ಮಾತು ಕಮಾನು ಹತ್ತಿ ಇಳಿದು ಕರ್ಣದ ತುದಿಯ ಮೂಲೆಯಲ್ಲಿ ನಿಂತವರಿಗೆ ಕೇಳಿಸುತ್ತದೆ. ಉಳಿದವರಿಗೆ ಇಲ್ಲ.

“ಮೇಷ್ಟ್ರೇ, ಮಕ್ಕಳಿಗೆ ತೋರಿಸೋಣ. ಕರ್ಣಕ್ಕೆ ಸರಿಯಾಗಿ ನಿಲ್ಲಬೇಕು, ಗೊತ್ತಲ್ಲ?”

“ಗಣಿತದವನಿಗೆ ಹೇಳಿಕೊಡ್ತೀರಾ?” ಎಂದು ನಗುತ್ತಾ ಅವನು ಹೊರಟ.

ಇಲೇನಿಯಾ ಗೋಡೆಗೆ ಮುಖ ಮಾಡಿ ನಿಂತಳು. ಕಾದಳು. ಗೋಡೆ ತೆಪ್ಪಗಿತ್ತು. ಕೊನೆಗೆ ತಾಳ್ಮೆ ತಪ್ಪಿ ತಾನೇ ಪಿಸುಗುಟ್ಟಿದಳು: “ಎತ್ತೊರೆ, ನೀವಿಲ್ಲದ ಊರು ನನಗೆ ತವರಾದ್ರೂ ಬೇಡ. ಹೋಗಬೇಡ ಅನ್ನಿ, ಇದ್ಬಿಡ್ತೀನಿ.”

“ಹೋಗಬೇಡಿ ಮೇಡಂ!” ಎಂದಿತು ಗೋಡೆ, ನಾಲ್ಕಾರು ಹುಡುಗಿಯರ ದನಿಯಲ್ಲಿ.

ಬೆಚ್ಚಿ ತಿರುಗಿದಳು. ಕರ್ಣದ ಮೂಲೆಯಲ್ಲಿ ವಿದ್ಯಾರ್ಥಿನಿ ಜಿನೆವ್ರಾ ಮತ್ತವಳ ಪಟಾಲಂ ಬಾಯಿಗೆ ಕೈ ಒತ್ತಿ ನಗುತ್ತಿತ್ತು. ಎತ್ತೊರೆ ನೇರ ಎದುರಿನ ಮೂಲೆಗೆ ಹೋಗಿ, ಗೋಡೆಗೆ ಹಣೆ ಹಚ್ಚಿ, ಏನನ್ನೋ ಹೇಳುತ್ತಲೇ ಇದ್ದ. ದಾರಿಹೋಕರಿಗೆ ಪ್ರಾರ್ಥನೆ ಎನ್ನಿಸುವಂತಿತ್ತು.

ಉಳಿದ ನಾಲ್ಕನೆಯ ಮೂಲೆಯಿಂದ ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬಳು ಕುಂಟುತ್ತಾ ಬಂದಳು.

“ಏನಮ್ಮಾ, ಆ ಉದ್ದನೆ ಹುಡುಗ ನಿನ್ನೋನಾ? ಕಾಲು ನೋವು ಅಂತ ಆ ಮೂಲೆಗೆ ಒರಗಿದ್ದೆ. ‘ಐದು ವರ್ಷದಿಂದ ನಿದ್ದೆ ಇಲ್ಲ, ಹೋಗಬೇಡ’ ಅಂತಾನೆ! ಎಂಬತ್ತು ತುಂಬಿದೋಳು ಈಗ ಎಲ್ಲಿಗೆ ಹೋಗ್ಲಿ? ಪಾಪ ಕಣೇ, ಬೇಗ ಹೋಗು.”

ಇಲೇನಿಯಾ ನೆಟ್ಟಗೆ ನಡೆದು ಹೋಗಿ ಅವನ ಬೆನ್ನು ತಟ್ಟಿದಳು.

“ಗಣಿತದವರಿಗೆ ಕರ್ಣ ಯಾವುದು ಅಂತ ಗೊತ್ತಿಲ್ವಾ?”

ಅವನು ಮೂಲೆಗಳನ್ನು ನೋಡಿದ. ಅಜ್ಜಿ ಕೈ ಬೀಸಿದಳು. ಅವನ ಮುಖ ಟೊಮ್ಯಾಟೊ ಆಯಿತು.

“ಹಾಗಾದ್ರೆ… ನಿಮಗೇನೂ ಕೇಳಿಸ್ಲಿಲ್ವಾ?”

“ಒಂದಕ್ಷರ ಇಲ್ಲ. ಇನ್ನೊಂದ್ಸಲ ಹೇಳಿ. ಈ ಸಲ ಗೋಡೆಗಲ್ಲ, ನನ್ನ ಮುಖಕ್ಕೆ.”

ಮಕ್ಕಳು ಸುತ್ತ ನೆರೆದರು. ಅವನು ಕಣ್ಣು ತಪ್ಪಿಸಲಿಲ್ಲ.

“ಹೋಗಬೇಡ, ಇಲೇನಿಯಾ. ನೀನು ನನಗೆ ಬೇಕು.”

“ಇಷ್ಟು ಹೇಳೋಕೆ ಮೂರು ಊರು ಸುತ್ತಬೇಕಿತ್ತೇನೋ?” ಎನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು, ಅವಳ ಕೈ ಅವನ ಕೈಯಲ್ಲಿತ್ತು. ಕಮಾನಿನಡಿ ಶಿಳ್ಳೆಯೋ ಶಿಳ್ಳೆ.

ಬಸ್ಸಿನಲ್ಲಿ ಅವನು ಪಕ್ಕದಲ್ಲೇ ಕುಳಿತ. ಅವಳು ಅಮ್ಮನಿಗೆ ಫೋನ್ ಮಾಡಿದಳು.

“ಅಮ್ಮಾ, ನಾನು ವರ್ಗ ಬೇಡ ಅಂತ ಹೇಳ್ತಿದೀನಿ. ಅಳಬೇಡ, ಈಸ್ಟರಿಗೆ ಬರ್ತೀನಿ. ಒಬ್ಬಳೇ ಅಲ್ಲ.”

ಅತ್ತಲಿಂದ ಅಳು ತಟ್ಟನೆ ನಿಂತಿತು. “ಯಾರೇ ಅವನು? ಏನು ಮಾಡ್ತಾನೆ?”

“ಗಣಿತ ಕಲಿಸ್ತಾನೆ,” ಎಂದು ಇಲೇನಿಯಾ ಅವನ ಭುಜಕ್ಕೆ ತಲೆಯಿಟ್ಟಳು. “ಕರ್ಣ ಒಂದನ್ನ ನಾನೇ ಕಲಿಸ್ಕೊಡ್ತೀನಿ ಬಿಡು.”