ಮೂತಿ ಎತ್ತಿದ ದೋಣಿ

“ಮೂತಿ ಎತ್ತಿತು! ಅಬ್ಬಾ, ದೋಣಿ ಮೂತಿ ಎತ್ತಿತು!” ದಡದಿಂದ ಶಾಯಿಸ್ತಾ ಕೂಗಿದಳು.

ಅವಳು ಕೂಗಿ ಹೇಳಬೇಕಾಗಿಯೇ ಇರಲಿಲ್ಲ. ಚಳ್ಳಕೆರೆಯ ಅರ್ಧ ಊರು ಕೆರೆ ಏರಿಯ ಮೇಲೆ ನಿಂತು ನೋಡುತ್ತಿತ್ತು. ಹೊಸ ಅಲ್ಯೂಮಿನಿಯಂ ದೋಣಿಯ ಮುಂಭಾಗ ಆಕಾಶ ನೋಡುತ್ತಿತ್ತು, ಹಿಂಭಾಗ ಇನ್ನೇನು ನೀರು ಕುಡಿಯುವಂತಿತ್ತು. ಆ ಹಿಂಭಾಗದಲ್ಲಿ ಮೋಟರ್ ಇತ್ತು, ಪೆಟ್ರೋಲ್ ಕ್ಯಾನ್ ಇತ್ತು, ಶಾಯಿಸ್ತಾಳ ಅಬ್ಬಾ ತನ್ವೀರ್ ಇದ್ದರು. ಅವರಿಗೆ ಅಂಟಿಕೊಂಡೇ ಕೆರೆ ಸಮಿತಿಯ ಅಧ್ಯಕ್ಷರು ಏಕಾಂತಪ್ಪನವರು ಕೂತಿದ್ದರು. ಇಬ್ಬರೂ ಒಂದು ಹೊತ್ತಿನ ಊಟವನ್ನೂ ಬಿಟ್ಟವರಲ್ಲ.

ಎಷ್ಟೋ ವರ್ಷದ ಮೇಲೆ ಕೆರೆ ತುಂಬಿತ್ತು. ಜೊಂಡು ತೆಗೆಯೋಕೆ ಅಂತ ಸಮಿತಿಯವರು ದೋಣಿ ತರಿಸಿದರು. ದೋಣಿ ಬಂತು, ಮೋಟರ್ ಬಂತು, ಜೋಡಿಸುವವನು ಮಾತ್ರ ಬರಲಿಲ್ಲ. ಆಗ ಎಲ್ಲರಿಗೂ ನೆನಪಾದದ್ದು ಬೈಕ್ ಮೆಕ್ಯಾನಿಕ್ ತನ್ವೀರ್.

“ಇಂಜಿನ್ ಅಂದ್ರೆ ಇಂಜಿನ್ನೇ. ನೆಲದ ಮೇಲೆ ಓಡಿದ್ರೇನು, ನೀರಿನ ಮೇಲೆ ಓಡಿದ್ರೇನು?” ಎಂದು ಅಬ್ಬಾ ಒಪ್ಪಿಕೊಂಡುಬಿಟ್ಟಿದ್ದರು.

ಶಾಯಿಸ್ತಾ ಇನ್ನೊಂದು ಎಡವಟ್ಟು ಮಾಡಿಕೊಂಡಿದ್ದಳು. “ಭಾನುವಾರ ಫಸ್ಟ್ ರೌಂಡ್ ನಂದೇ. ನಂಗೇನು ನೀರು ಕಂಡ್ರೆ ಭಯಾನಾ?” ಎಂದು ಐದನೇ ಕ್ಲಾಸಿನ ಎಲ್ಲರ ಮುಂದೆ ಜಂಬ ಕೊಚ್ಚಿದ್ದಳು. ಮನೆಗೆ ಬಂದು ಕೇಳಿದರೆ ಅಬ್ಬಾ, “ಮಕ್ಕಳು ಗಿಕ್ಕಳು ಬೇಡ” ಎಂದುಬಿಟ್ಟರು. ಈಗ ಇಡೀ ಕ್ಲಾಸು ಏರಿಯ ಮೇಲೆ ಸಾಲಾಗಿ ಕೂತಿತ್ತು.

“ಏನೇ, ಯಾವಾಗ ಹತ್ತೋದು?” ಎಂದು ಏಕಾಂತಪ್ಪನವರ ಮೊಮ್ಮಗ ಮಲ್ಲಿಕ್ ಆಗಲೇ ಮೂರು ಸಲ ಕೇಳಿದ್ದ. ಶಾಯಿಸ್ತಾಳ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು.

ದೋಣಿ ಹೇಗೋ ದಡಕ್ಕೆ ಬಂತು. ಅಬ್ಬಾ ಸ್ಪ್ಯಾನರ್ ತೆಗೆದುಕೊಂಡು ಮೊಣಕಾಲುದ್ದ ನೀರಿಗಿಳಿದರು.

“ಮೋಟರ್ ವಾಲ್ಕೊಂಡೈತೆ, ಅದಕ್ಕೇ” ಎಂದು ಅದರ ಪಿನ್ನು ಕಿತ್ತು ಪಕ್ಕದ ತೂತಿಗೆ ಹಾಕಿದರು. ಮೋಟರ್ ನೆಟ್ಟಗೆ ನಿಂತಿತು. ಮತ್ತೆ ಹೊರಟರು. ಮೂತಿ ಒಂಚೂರು ಇಳಿಯಿತು, ಆದರೂ ಜಂಬ ಬಿಡಲಿಲ್ಲ.

“ಮುಂದೆ ಭಾರ ಹಾಕ್ರಿ!” ಎಂದು ಓಬಳೇಶ್ ಎನ್ನುವವನು ಎರಡು ಮರಳು ಮೂಟೆ ಹೊತ್ತು ತಂದು ಮುಂದೆ ಎಸೆದ. ಈ ಸಲ ದೋಣಿ ನೀರು ಕುಡಿಯಲು ಬಗ್ಗಿದ ಎಮ್ಮೆಯ ಹಾಗೆ ಮೂತಿ ಅದ್ದಿಕೊಂಡು ಹೋಯಿತು. ತಿರುವಿನಲ್ಲಿ ಮೂಟೆಗಳು ಒಂದು ಕಡೆಗೆ ಜಾರಿದವು. ದೋಣಿ ವಾಲಿತು. ಏರಿಯ ಮೇಲಿನವರೆಲ್ಲ “ಹೋ!” ಎಂದು ಕಿರುಚಿದರು. ಎಲ್ಲರಿಗಿಂತ ಜೋರಾಗಿ ಕಿರುಚಿದವರು ಏಕಾಂತಪ್ಪನವರು.

ದೋಣಿ ದಡ ಮುಟ್ಟಿದ್ದೇ ಮೂಟೆ ಇಳಿಸಿದರು. ಶಾಯಿಸ್ತಾ ಓಡಿ ಹೋದಳು.

“ಅಬ್ಬಾ, ನಮ್ ಟಿವಿಎಸ್ ಹಿಂದೆ ಎರಡು ಮೂಟೆ ಕಟ್ಟಿದ್ರೆ ಮುಂದಿನ ಚಕ್ರ ಏಳುತ್ತಲ್ವಾ? ಆಗ ನೀವು ಒಂದನ್ನ ತೆಗೆದು ಮುಂದೆ ಕಾಲ ಹತ್ರ ಇಡ್ತೀರಲ್ಲ. ಇಲ್ಲಿ ಯಾಕೆ ಇಬ್ರೂ ಹಿಂದೇನೇ ಕೂತಿದೀರ?”

ಅಬ್ಬಾ ಹಣೆ ಹಣೆ ಬಡಿದುಕೊಂಡರು. “ಅರೆ, ಹೌದಲ್ಲ! ಸಾವ್ಕಾರ್ರೇ, ನೀವು ಮುಂದೆ ಹೋಗ್ರಿ.”

“ಮುಂದೆ ಬಿಸಿಲೈತೆ” ಎಂದರು ಏಕಾಂತಪ್ಪ.

ಯಾರೋ ಟೋಪಿ ಕೊಟ್ಟರು.

“ಆ ಹಲಗೆ ಗಟ್ಟಿ ಐತಪ್ಪ.”

ಯಾರೋ ಟವೆಲ್ ಮಡಿಸಿ ಹಾಸಿದರು.

“ಅಧ್ಯಕ್ಷರು ಇಂಜಿನ್ ಹತ್ರಾನೇ ಕೂತ್ಕೋಬೇಕು ಕಣಯ್ಯಾ.”

“ಯಾಕ್ರಿ?”

“ರೂಲ್ಸ್ ಐತೆ!”

ಶಾಯಿಸ್ತಾಳಿಗೆ ನಗು ಬಂತು. ಅಷ್ಟರಲ್ಲಿ ಅವಳ ಕಣ್ಣು ಏಕಾಂತಪ್ಪನವರ ಕೈ ಮೇಲೆ ಬಿತ್ತು. ಆ ಕೈ ಅಬ್ಬಾನ ಅಂಗಿಯ ತುದಿಯನ್ನು ಬಿಗಿಯಾಗಿ ಹಿಡಿದಿತ್ತು. ದೋಣಿ ದಡದಲ್ಲೇ ಇದ್ದರೂ ಬಿಟ್ಟಿರಲಿಲ್ಲ.

“ಮೊದಲ ಸುತ್ತು ನಾನೇ ಹಾಕೋದು. ಪಕ್ಕದ ಮೊಳಕಾಲ್ಮೂರಿನೋರ ಹತ್ರ ಐತಾ ಇಂಥ ದೋಣಿ?” ಎಂದು ಇವರು ಟೀ ಅಂಗಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದು ಅವಳಿಗೂ ಗೊತ್ತಿತ್ತು. ಅಯ್ಯೋ ಪಾಪ, ತಾತನೂ ನನ್ನ ಹಾಗೇ ಸಿಕ್ಕಿಹಾಕಿಕೊಂಡಿದ್ದಾರೆ ಅನ್ನಿಸಿತು. ಬಂದ ನಗು ಹಾಗೇ ಒಳಗೆ ಹೋಯಿತು.

“ತಾತಾ, ನಂಗೂ ಮುಂದೆ ಕೂತ್ಕೋಬೇಕು ಅಂತ ಆಸೆ. ಒಬ್ಳನ್ನೇ ಅಬ್ಬಾ ಬಿಡಲ್ಲ. ನೀವು ಜೊತೇಲಿ ಬಂದು ನನ್ ಕೈ ಹಿಡ್ಕೊಳ್ತೀರಾ?”

ಏಕಾಂತಪ್ಪ ಅವಳನ್ನೇ ನೋಡಿದರು. ಆಮೇಲೆ ಇಡೀ ಏರಿಗೆ ಕೇಳಿಸುವಂತೆ, “ಮಗೀಗೆ ಹೆದ್ರಿಕೆ ಕಣ್ರಪ್ಪ! ದೊಡ್ಡೋರು ಜೊತೆಗಿರ್ಬೇಕು” ಎಂದರು.

ಅಬ್ಬಾ ಇಬ್ಬರನ್ನೂ ನೋಡಿದರು. ಶಾಯಿಸ್ತಾಳಿಗೆ ಲೈಫ್ ಜಾಕೆಟ್ ತೊಡಿಸಿ, ಪಟ್ಟಿಗಳನ್ನು ಎರಡೆರಡು ಸಲ ಎಳೆದು ನೋಡಿದರು. ಪೆಟ್ರೋಲ್ ಕ್ಯಾನನ್ನು ದೋಣಿಯ ನಡುವಿಗೆ ಸರಿಸಿ ಕಟ್ಟಿದರು.

ಶಾಯಿಸ್ತಾ, ಏಕಾಂತಪ್ಪ ಇಬ್ಬರೂ ಮುಂದಿನ ಹಲಗೆಯ ಮೇಲೆ ಕೂತರು. ಮೋಟರ್ ಗುರ್ ಎಂದಿತು. ಮೂತಿ ಒಮ್ಮೆ ಎದ್ದಂತೆ ಮಾಡಿ, ಮೆಲ್ಲಗೆ ಕೆಳಗಿಳಿದು ಕೂತಿತು. ದೋಣಿ ಸಮನಾಗಿ ಸುಯ್ಯನೆ ಹೊರಟಿತು. ಏರಿಯ ಮೇಲೆ ಚಪ್ಪಾಳೆ, ಸಿಳ್ಳೆ. ಇಡೀ ಕ್ಲಾಸು ಕೈ ಬೀಸಿತು. ಶಾಯಿಸ್ತಾಳಿಗೆ ಸಾಸಿವೆಯಷ್ಟೂ ಹೆದರಿಕೆ ಆಗಲಿಲ್ಲ, ಖುಷಿಯೋ ಖುಷಿ. ಅವಳಿಗೂ ಕೈ ಬೀಸುವ ಆಸೆ. ಆದರೆ ಅವಳ ಬಲಗೈ ಏಕಾಂತಪ್ಪನವರ ಮುಷ್ಟಿಯೊಳಗೆ ಸಿಕ್ಕಿ ನುಜ್ಜುಗುಜ್ಜಾಗುತ್ತಿತ್ತು. ಒಂದೊಂದು ಹನಿ ಸಿಡಿದಾಗಲೂ ಅವರು ಕಣ್ಣು ಮುಚ್ಚಿ “ಶಿವಶಿವಾ” ಎನ್ನುತ್ತಿದ್ದರು.

ಸೋಮವಾರ ಕ್ಲಾಸಿಗೆ ಕಾಲಿಡುತ್ತಿದ್ದಂತೆಯೇ ಮಲ್ಲಿಕ್ ಎದುರು ಬಂದ.

“ಏಯ್ ಶಾಯಿಸ್ತಾ, ನೀನು ದೋಣೀಲಿ ಹೆದ್ರಿ ಅಳ್ತಿದ್ಯಂತೆ. ನಮ್ ತಾತ ಕೈ ಹಿಡ್ಕೊಂಡು ಧೈರ್ಯ ಹೇಳಿದ್ರಂತೆ. ನಿಜಾನಾ?”

ಕ್ಲಾಸೆಲ್ಲ ಅವಳ ಕಡೆ ತಿರುಗಿತು. ಅಂಗಿ ಹಿಡಿದದ್ದು, ಶಿವಶಿವಾ, ಎಲ್ಲ ನಾಲಿಗೆಯ ತುದಿಗೇ ಬಂತು. ಆದರೆ ಮಲ್ಲಿಕ್‌ನ ಮುಖ ನೋಡಿದಳು. ತಾತನ ಹೆಸರು ಹೇಳುವಾಗ ಅದು ಹೆಮ್ಮೆಯಿಂದ ಅರಳಿತ್ತು.

“ಹೂಂ, ಹಿಡ್ಕೊಂಡಿದ್ರು” ಎಂದಳು ಶಾಯಿಸ್ತಾ. “ನಿಮ್ ತಾತ ಬರ್ದೇ ಇದ್ದಿದ್ರೆ ನಾನು ದೋಣಿ ಹತ್ತೋಕೇ ಆಗ್ತಿರ್ಲಿಲ್ಲ. ಆದ್ರೆ ಅಳ್ಲಿಲ್ಲ ಕಣೋ!”

ಕ್ಲಾಸು ಗೊಳ್ಳೆಂದು ನಕ್ಕಿತು. ಶಾಯಿಸ್ತಾಳೂ ನಗುತ್ತಾ ಹೋಗಿ ತನ್ನ ಜಾಗದಲ್ಲಿ ಕೂತಳು. ಬಲಗೈಯ ಬೆರಳು ಇನ್ನೂ ನೋಯುತ್ತಿದ್ದವು. ಅವತ್ತು ಅವಳು ಪೆನ್ಸಿಲನ್ನು ಎಡಗೈಯಲ್ಲಿ ಹಿಡಿದು ಬರೆದಳು.